ವಾರಂಟಿಯ ವಾಯಿದೆ ಮತ್ತು ನಮ್ಮ ಪ್ರಾಮಾಣಿಕತೆ



ಧರ್ಮ ಎಂದೊಡನೆ ನಮ್ಮ ಮನಸ್ಸು ಮಸೀದಿಯ ಕಡೆಗೆ ಹೊರಳುತ್ತದೆ. ನಮಾಝ್, ಉಪವಾಸ, ಝಕಾತ್ ನೆನಪಾಗುತ್ತವೆ. ಆದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆಯೂ ವರ್ಕ್‌ಶಾಪಿನ ಮೇಜಿನ ಮುಂದೆಯೂ ನಮ್ಮ ಈಮಾನಿನ ಪರೀಕ್ಷೆ ನಡೆಯುತ್ತಿರುತ್ತದೆ ಎಂಬುದನ್ನು ನಾವು ಮರೆತುಬಿಡುತ್ತೇವೆ. ಅಂತಹದೊಂದು ಪರೀಕ್ಷೆಯ ಬಗ್ಗೆ ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಅದು ಕಾರಿನ ಬ್ಯಾಟರಿಗೆ ಸಂಬಂಧಿಸಿದ್ದು. ಇದರಲ್ಲಿ ಧರ್ಮದ ಮಾತೇನಿದೆ ಎಂದು ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಓದಿರಿ.

ನಿಮ್ಮ ಬಳಿ ಒಂದು ಹೈಬ್ರಿಡ್ ಕಾರಿದೆ ಎಂದಿಟ್ಟುಕೊಳ್ಳಿ. ಅದರ ಬ್ಯಾಟರಿಗೆ ಕಂಪೆನಿ 8 ವರ್ಷಗಳ ವಾರಂಟಿ ಕೊಟ್ಟಿದೆ. ವಾಯಿದೆ ಮುಗಿಯಲು ಇನ್ನು ಎರಡು ತಿಂಗಳಷ್ಟೇ ಬಾಕಿ. ಇತ್ತೀಚೆಗೆ ಬ್ಯಾಟರಿಯ ಶಕ್ತಿ ಕುಂದಿದೆ. ಚಾರ್ಜ್ ತೋರಿಸುವ ಗೆರೆಗಳು ಒಮ್ಮೆಲೇ ತುಂಬುತ್ತವೆ, ಒಮ್ಮೆಲೇ ಖಾಲಿಯಾಗುತ್ತವೆ. ಹಿಂದಿನ ಸೀಟಿನ ಬಳಿ ಫ್ಯಾನಿನ ಸದ್ದು ಜೋರಾಗಿದೆ. ಮೈಲೇಜ್ ಇಳಿದಿದೆ. ಸರ್ವೀಸ್ ಸೆಂಟರಿಗೆ ಹೋದರೆ, "ಎಚ್ಚರಿಕೆಯ ಲೈಟ್ ಬಂದಿಲ್ಲವಲ್ಲ ಸಾಹೇಬರೇ, ಲೈಟ್ ಬಂದ ಮೇಲೆ ತನ್ನಿ" ಎನ್ನುತ್ತಾರೆ. ಹೊರಗೆ ಬಂದಾಗ ಗೆಳೆಯನೊಬ್ಬ ಉಪಾಯ ಹೇಳುತ್ತಾನೆ: "ಬ್ಯಾಟರಿಗೆ ಗಾಳಿ ಹೋಗುವ ಕಿಂಡಿಗೆ ಬಟ್ಟೆ ತುರುಕಿ, ಮಧ್ಯಾಹ್ನದ ಬಿಸಿಲಿನಲ್ಲಿ ನಾಲ್ಕು ಸಲ ಘಾಟಿ ಹತ್ತಿಸು. ಲೈಟ್ ತಾನಾಗಿಯೇ ಬರುತ್ತದೆ. ಹೊಸ ಬ್ಯಾಟರಿ ಬಿಟ್ಟಿ."

ಈ ಉಪಾಯ ಸರಿಯೇ? ಬ್ಯಾಟರಿ ಹೇಗೂ ಕೆಡಲಿದೆ. ಎರಡು ತಿಂಗಳ ನಂತರ ಕೆಡುವುದನ್ನು ಎರಡು ತಿಂಗಳ ಮೊದಲೇ ಕೆಡಿಸಿದರೆ ಯಾರಿಗೇನು ನಷ್ಟ?

ಬ್ಯಾಟರಿ ಕೆಡುವ ಬಗೆ

ಉತ್ತರ ಹುಡುಕುವ ಮೊದಲು ವಸ್ತುವನ್ನು ತಿಳಿದುಕೊಳ್ಳೋಣ. ಹೈಬ್ರಿಡ್ ಎಂದರೆ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ ಕಾರು. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಅದು ವಿದ್ಯುತ್ತಾಗಿಸಿ ಬ್ಯಾಟರಿಯಲ್ಲಿ ಕೂಡಿಡುತ್ತದೆ. ಟೊಯೊಟಾ ಕಂಪೆನಿ 1997ರಲ್ಲಿ ಜಪಾನಿನಲ್ಲಿ ಪ್ರಿಯಸ್ ಎಂಬ ಕಾರನ್ನು ತಂದ ಮೇಲೆ ಈ ಬಗೆ ಲೋಕಕ್ಕೆಲ್ಲ ಪರಿಚಯವಾಯಿತು. ಅಮೇರಿಕದಲ್ಲಿ ಬಹಳವಾಗಿ ಓಡಿದ 2004ರಿಂದ 2009ರ ಮಾದರಿಯ ಪ್ರಿಯಸ್‌ನಲ್ಲಿ ಬ್ಯಾಟರಿ ಹಿಂದಿನ ಸೀಟಿನ ಹಿಂಬದಿಯಲ್ಲಿತ್ತು. ಅದರೊಳಗೆ 28 ಮಾಡ್ಯೂಲ್‌ಗಳು, ಪ್ರತಿಯೊಂದರಲ್ಲಿ 6 ಸೆಲ್‌ಗಳು, ಒಟ್ಟು 168 ಸೆಲ್‌ಗಳು. ಎಲ್ಲವೂ ಸರಪಳಿಯಂತೆ ಜೋಡಣೆಯಾಗಿ 201.6 ವೋಲ್ಟ್ ಆಗುತ್ತಿತ್ತು.

ಸರಪಳಿಯಲ್ಲಿ ಒಂದು ಕೊಂಡಿ ಸವೆದರೆ ಇಡೀ ಸರಪಳಿಯೇ ದುರ್ಬಲ. ಹಾಗೆಯೇ 28ರಲ್ಲಿ ಒಂದೆರಡು ಮಾಡ್ಯೂಲ್‌ಗಳು ಸೋತರೆ ಇಡೀ ಬ್ಯಾಟರಿ ಸೋಲುತ್ತದೆ. ವಯಸ್ಸು ಒಂದು ಕಾರಣ, ಬಿಸಿ ಇನ್ನೊಂದು. ಗಾಳಿ ಎಳೆದುಕೊಳ್ಳುವ ಕಿಂಡಿಗೆ ಧೂಳು ತುಂಬಿದರೂ ಬಿಸಿ ಏರುತ್ತದೆ. ಮಾಡ್ಯೂಲ್‌ಗಳ ನಡುವಿನ ಅಂತರ ಒಂದು ಮಿತಿಯನ್ನು ದಾಟಿದಾಗ ಕಾರಿನ ಕಂಪ್ಯೂಟರ್ ಪಿ0ಎ80 ಎಂಬ ಸಂಕೇತವನ್ನು ದಾಖಲಿಸಿ ಎಚ್ಚರಿಕೆಯ ಲೈಟ್ ಹೊತ್ತಿಸುತ್ತದೆ. ಬ್ಯಾಟರಿ ಒಂದೇ ದಿನ ಕೆಡುವುದಿಲ್ಲ, ತಿಂಗಳುಗಟ್ಟಲೆ ಕೆಡುತ್ತಾ ಬರುತ್ತದೆ. ಆದರೆ ಲೈಟ್ ಮಾತ್ರ ಒಂದು ದಿನ ಹೊತ್ತಿಕೊಳ್ಳುತ್ತದೆ. ನಮ್ಮ ಪ್ರಶ್ನೆ ಹುಟ್ಟುವುದು ಈ ನಡುವಿನ ಅವಧಿಯಲ್ಲಿಯೇ.

ಅಮೇರಿಕದಲ್ಲಿ ಇಂತಹ ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1 ಲಕ್ಷ ಮೈಲಿಗಳ ವಾರಂಟಿ ಇತ್ತು. ಕ್ಯಾಲಿಫೋರ್ನಿಯಾದ ಹೊಗೆ ನಿಯಂತ್ರಣದ ನಿಯಮಗಳಿಗೆ ಒಳಪಟ್ಟ ಕಾರುಗಳಿಗೆ 10 ವರ್ಷ ಅಥವಾ ಒಂದೂವರೆ ಲಕ್ಷ ಮೈಲಿ. 2020ರ ಮಾದರಿಯಿಂದ ಟೊಯೊಟಾ ಈ ಹೆಚ್ಚಿನ ಅವಧಿಯನ್ನು ಆ ದೇಶದಾದ್ಯಂತ ಕೊಟ್ಟಿತು. ಇದು ದೂರದ ಸಂಗತಿಯಲ್ಲ. ನಮ್ಮದೇ ಬಿಡದಿಯ ಕಾರ್ಖಾನೆಯಿಂದ 2022ರಲ್ಲಿ ಹೈರೈಡರ್ ಹಾಗೂ ಇನ್ನೋವಾ ಹೈಕ್ರಾಸ್ ಎಂಬ ಹೈಬ್ರಿಡ್ ಕಾರುಗಳು ಹೊರಬಂದವು. ಇವುಗಳ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು. ಆ ವರ್ಷ ಕೊಂಡವರ ವಾಯಿದೆ 2030ರಲ್ಲಿ ಮುಗಿಯುತ್ತದೆ. ಹೆಚ್ಚು ಓಡಿಸುವವರಿಗೆ ಅದಕ್ಕೂ ಮೊದಲೇ. ಅಂದರೆ ಗೆಳೆಯನ ಆ ಉಪಾಯ ನಮ್ಮ ನಿಮ್ಮ ಮನೆಯ ಬಾಗಿಲಿಗೂ ಬರಲಿದೆ.

ವಾರಂಟಿ ಎಂಬ ಕರಾರು

ವಾರಂಟಿ ಎಂದರೇನು? ಅದು ದಾನವಲ್ಲ, ಬಹುಮಾನವೂ ಅಲ್ಲ. ಅದೊಂದು ಕರಾರು. "ಈ ವಸ್ತುವನ್ನು ಸಹಜ ರೀತಿಯಲ್ಲಿ ಬಳಸಿದರೆ ಇಷ್ಟು ಕಾಲ ಬಾಳುತ್ತದೆ, ಬಾಳದಿದ್ದರೆ ಹೊಣೆ ನಮ್ಮದು" ಎಂದು ಮಾರುವವನು ಮಾತು ಕೊಟ್ಟಿದ್ದಾನೆ. ಆ ಮಾತಿನ ಬೆಲೆಯೂ ಕಾರಿನ ಬೆಲೆಯಲ್ಲಿ ಸೇರಿದೆ. ಆದ್ದರಿಂದ ವಾಯಿದೆಯೊಳಗೆ ಬ್ಯಾಟರಿ ಕೆಟ್ಟಾಗ ಹೊಸದನ್ನು ಕೇಳುವುದು ನಿಮ್ಮ ಹಕ್ಕು. ಹಕ್ಕನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಜಗಳವೇಕೆಂದು ಸುಮ್ಮನಿರುವುದನ್ನು ಕೆಲವರು ತಖ್ವಾ ಎಂದು ಭಾವಿಸುತ್ತಾರೆ. ಅದು ತಖ್ವಾ ಅಲ್ಲ. ನೀವು ಸುಮ್ಮನಿದ್ದರೆ ನಾಳೆ ಬಡವನೊಬ್ಬನಿಗೂ ಅದೇ ಉತ್ತರ ಸಿಗುತ್ತದೆ.

ನಮ್ಮ ಫಿಕ್‌ಹ್ ಗ್ರಂಥಗಳಲ್ಲಿ ಖಿಯಾರುಲ್ ಐಬ್ ಎಂಬ ನಿಯಮವಿದೆ. ಕೊಂಡ ವಸ್ತುವಿನಲ್ಲಿ ಮಾರುವಾಗಲೇ ಅಡಗಿದ್ದ ದೋಷ ಆಮೇಲೆ ಕಂಡುಬಂದರೆ ಅದನ್ನು ಹಿಂದಿರುಗಿಸುವ ಅಧಿಕಾರ ಕೊಂಡವನಿಗಿದೆ. ಆದರೆ ದೋಷ ಕೊಂಡವನ ಕೈಯಿಂದಲೇ ಉಂಟಾಗಿದ್ದರೆ ಆ ಹೊಣೆಯನ್ನು ಮಾರಿದವನ ಮೇಲೆ ಹೊರಿಸುವಂತಿಲ್ಲ. ಇಂದಿನ ವಾರಂಟಿ ಇದಕ್ಕಿಂತ ವಿಶಾಲವಾದ ಕರಾರು. ಮಾರಿದ ನಂತರದ ವರ್ಷಗಳಿಗೂ ಅದು ಚಾಚಿಕೊಂಡಿದೆ. ಹಾಗಿದ್ದರೂ ಒಳಗಿರುವ ನ್ಯಾಯ ಒಂದೇ: ವಸ್ತುವಿನ ದೋಷಕ್ಕೆ ಮಾರಿದವನು ಹೊಣೆ, ಕೈಯ ದೋಷಕ್ಕೆ ಕೈಯೇ ಹೊಣೆ.

ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟು ನೋಡಿದ ಘಟನೆ ನಿಮಗೆ ತಿಳಿದಿದೆ. ಮೇಲೆ ಒಣಗಿತ್ತು, ಒಳಗೆ ತೇವವಿತ್ತು. ಮಳೆ ಬಿದ್ದಿತ್ತೆಂದು ವ್ಯಾಪಾರಿ ಹೇಳಿದ. ಮಳೆ ಬಿದ್ದದ್ದು ಅವನ ತಪ್ಪಲ್ಲ, ತೇವವನ್ನು ಕೆಳಗೆ ಅಡಗಿಸಿದ್ದು ತಪ್ಪಾಯಿತು. ಈ ಘಟನೆಯನ್ನು ನಾವು ವ್ಯಾಪಾರಿಗಳಿಗೆ ಮಾತ್ರ ಓದಿ ಹೇಳುತ್ತೇವೆ. ಆದರೆ ವಾರಂಟಿಯ ವಿಷಯದಲ್ಲಿ ರಾಶಿಯನ್ನು ತಂದು ಸುರಿಯುವವನು ಗ್ರಾಹಕ. ಕೈಯಿಟ್ಟು ನೋಡುವವನು ಸರ್ವೀಸ್ ಸೆಂಟರಿನವನು. ನಮ್ಮ ರಾಶಿಯೊಳಗೆ ಏನು ಅಡಗಿದೆ?

ಎರಡು ಅಳತೆಗಳು

ಕುರ್‌ಆನಿನ ಅಲ್‌ಮುತಫ್ಫಿಫೀನ್ ಅಧ್ಯಾಯ, ತಮಗೆ ಬರಬೇಕಾದಾಗ ಒಂದು ಅಳತೆ, ತಾವು ಕೊಡಬೇಕಾದಾಗ ಇನ್ನೊಂದು ಅಳತೆ ಇಟ್ಟುಕೊಂಡವರನ್ನು ಖಂಡಿಸುತ್ತದೆ. ವಾರಂಟಿಯಲ್ಲಿ ಈ ರೋಗ ಎರಡೂ ಕಡೆ ಇದೆ.

ಮಾರುವವನು ಹೇಗೆ ಅಳೆಯುತ್ತಾನೆ ನೋಡಿ. ಕಾರು ಮಾರುವಾಗ 8 ವರ್ಷ ಎಂದು ದೊಡ್ಡ ಅಕ್ಷರಗಳಲ್ಲಿ ಸಾರುತ್ತಾನೆ. ದೂರು ಬಂದಾಗ ಸಣ್ಣ ಅಕ್ಷರಗಳನ್ನು ತೆರೆಯುತ್ತಾನೆ. ಸಂಕೇತವನ್ನು ಅಳಿಸಿ "ಈಗ ಸರಿಯಾಗಿದೆ" ಎಂದು ಕಳುಹಿಸುತ್ತಾನೆ. ಮುಂದಿನ ತಿಂಗಳು, ಅದರ ಮುಂದಿನ ತಿಂಗಳು ಎನ್ನುತ್ತಾ ದಿನ ದೂಡುತ್ತಾನೆ. ಎಲ್ಲರೂ ಹೀಗೆಯೇ ಎಂದಲ್ಲ. ಆದರೆ ಆಸೆಗೆ ಅವಕಾಶವಿದೆ.

ಒಂದು ನಿಜ ಘಟನೆ ಹೇಳುತ್ತೇನೆ. ಹೋಂಡಾ ಕಂಪೆನಿ 2010ರಲ್ಲಿ ತನ್ನ 2006ರಿಂದ 2008ರ ಮಾದರಿಯ ಸಿವಿಕ್ ಹೈಬ್ರಿಡ್ ಕಾರುಗಳ ಸಾಫ್ಟ್‌ವೇರ್ ಬದಲಿಸಿತು. ಬ್ಯಾಟರಿಯ ಆಯುಸ್ಸನ್ನು ಕಾಪಾಡಲು ಎಂಬುದು ಕಂಪೆನಿಯ ಮಾತು. ಬ್ಯಾಟರಿಯ ಬಳಕೆಯನ್ನೇ ತಗ್ಗಿಸಿ ಮೈಲೇಜ್ ಇಳಿಸಿದರು ಎಂಬುದು ಹಲವು ಮಾಲೀಕರ ದೂರು. ಕ್ಯಾಲಿಫೋರ್ನಿಯಾದ ಮಹಿಳೆಯೊಬ್ಬರು ಮೈಲೇಜ್ ಬಗ್ಗೆ ಕೊಟ್ಟ ಭರವಸೆ ಸುಳ್ಳಾಯಿತೆಂದು ಟಾರೆನ್ಸ್ ಊರಿನ ಸಣ್ಣ ವ್ಯಾಜ್ಯಗಳ ನ್ಯಾಯಾಲಯಕ್ಕೆ ಹೋದರು. 2012ರ ಫೆಬ್ರವರಿಯಲ್ಲಿ ಅವರಿಗೆ 9,867 ಡಾಲರ್ ಪರಿಹಾರದ ತೀರ್ಪು ಬಂತು. ಅದೇ ಮೇ ತಿಂಗಳಲ್ಲಿ ಮೇಲ್ಮನವಿಯಲ್ಲಿ ತೀರ್ಪು ಕಂಪೆನಿಯ ಪರವಾಯಿತು. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ಆದರೆ ನೀತಿಯ ಪ್ರಶ್ನೆ ಉಳಿಯುತ್ತದೆ: ಬ್ಯಾಟರಿ ಹೆಚ್ಚು ಕಾಲ ಬಾಳಲೆಂದು ಅದರ ಕೆಲಸವನ್ನೇ ಕಡಿಮೆ ಮಾಡಿದರೆ, ಕೊಟ್ಟ ಮಾತು ನಡೆಸಿದಂತಾಯಿತೇ?

ಈಗ ಗ್ರಾಹಕನ ಅಳತೆ ನೋಡಿ. ಮೀಟರ್ ಹಿಂದಕ್ಕೆ ತಿರುಗಿಸುವವರಿದ್ದಾರೆ. ನೆರೆನೀರು ಒಳಗೆ ಹೊಕ್ಕಿದ್ದನ್ನು ಒಣಗಿಸಿ ಮುಚ್ಚಿಡುವವರಿದ್ದಾರೆ. ಕಿಂಡಿಗೆ ಬಟ್ಟೆ ತುರುಕುವವನೂ ಇವರ ಸಾಲಿನವನೇ. ಕಂಪೆನಿ ದಿನಾಂಕ ದಾಟಿಸಲು ನೋಡುತ್ತದೆ, ಇವನು ದಿನಾಂಕಕ್ಕೆ ಮುಂಚೆ ಕೆಡಿಸಲು ನೋಡುತ್ತಾನೆ. ಇಬ್ಬರೂ ಆಟವಾಡುತ್ತಿರುವುದು ಒಂದೇ ಕ್ಯಾಲೆಂಡರಿನೊಡನೆ. ಒಬ್ಬನದು ಮೋಸವೆಂದಾದರೆ ಇನ್ನೊಬ್ಬನದು ಜಾಣತನ ಹೇಗಾದೀತು?

"ಅಷ್ಟು ದೊಡ್ಡ ಕಂಪೆನಿಗೆ ಒಂದು ಬ್ಯಾಟರಿ ಯಾವ ಲೆಕ್ಕ?" ಎನ್ನುವವರಿದ್ದಾರೆ. ಕಂಪೆನಿ ಅದನ್ನು ತನ್ನ ಜೇಬಿನಿಂದ ಕೊಡುವುದಿಲ್ಲ. ಮುಂದಿನ ಕಾರಿನ ಬೆಲೆಯಲ್ಲಿ ಸೇರಿಸುತ್ತದೆ. ನಿಮ್ಮ ಸುಳ್ಳಿನ ಬೆಲೆಯನ್ನು ನಿಮ್ಮ ನೆರೆಯವನೇ ತೆರುತ್ತಾನೆ. ಅಲ್ಲದೆ, ಯಾರ ಹಣ ಎಂಬುದನ್ನು ನೋಡಿ ಹಲಾಲ್ ಹರಾಮ್ ಬದಲಾಗುವುದಿಲ್ಲ. ಶ್ರೀಮಂತನ ಹೊಲದ ತೆನೆಯೂ ಕದ್ದರೆ ಕದ್ದದ್ದೇ.

ಗೆರೆ ಎಲ್ಲಿದೆ?

ಹಾಗಾದರೆ ಬ್ಯಾಟರಿ ನಿಜವಾಗಿಯೂ ಕೆಡುತ್ತಿರುವಾಗ ಕೈಕಟ್ಟಿ ಕೂರಬೇಕೇ? ಖಂಡಿತ ಇಲ್ಲ. ಇರುವ ದೋಷವನ್ನು ಬಯಲಿಗೆ ತರುವುದು ಬೇರೆ, ಇಲ್ಲದ ದೋಷವನ್ನು ಹುಟ್ಟಿಸುವುದು ಬೇರೆ. ಮೊದಲನೆಯದು ಸಾಕ್ಷ್ಯ, ಎರಡನೆಯದು ಸುಳ್ಳುಸಾಕ್ಷ್ಯ.

ಇವೆರಡನ್ನು ಗುರುತಿಸಲು ಒಂದು ಸುಲಭ ಒರೆಗಲ್ಲಿದೆ. ನೀವು ಮಾಡಿದ್ದನ್ನು ಸರ್ವೀಸ್ ಸೆಂಟರಿನವನ ಮುಖ ನೋಡಿ ಹೇಳಬಲ್ಲಿರಾ? "ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಎ.ಸಿ. ಹಾಕಿ ಚಾರ್ಮಾಡಿ ಘಾಟಿ ಹತ್ತಿದೆ, ಅರ್ಧದಲ್ಲೇ ಚಾರ್ಜ್ ಇಳಿಯಿತು" ಎಂದು ನಿಸ್ಸಂಕೋಚವಾಗಿ ಹೇಳಬಹುದು. ಕಾರು ಇರುವುದೇ ಅದಕ್ಕಾಗಿ. "ಕಿಂಡಿಗೆ ಬಟ್ಟೆ ತುರುಕಿದ್ದೆ" ಎಂದು ಹೇಳಬಲ್ಲಿರಾ? ನಾಲಗೆ ಏಳುವುದಿಲ್ಲ. ಪಾಪದ ಗುರುತು ಹೇಳುವಾಗ ಪ್ರವಾದಿವರ್ಯರು(ಸ), ಜನರಿಗೆ ತಿಳಿಯಬಾರದೆಂಬ ಈ ಅಳುಕನ್ನೇ ತೋರಿಸಿಕೊಟ್ಟಿದ್ದಾರೆ. ಫತ್ವಾ ಕೇಳಲು ದೂರ ಹೋಗಬೇಕಾಗಿಲ್ಲ. ನಿಮ್ಮ ಹೃದಯವೇ ಉತ್ತರಿಸುತ್ತದೆ.

ಇನ್ನು, ಇರುವ ದೋಷವನ್ನು ಬಯಲಿಗೆ ತರುವ ದಾರಿಗಳಿವೆ. ತೊಂದರೆ ಕಂಡ ಮೊದಲ ವಾರವೇ ಹೋಗಿ, ಕೊನೆಯ ವಾರಕ್ಕೆ ಇಡಬೇಡಿ. ಬಾಯಿಮಾತಿನಲ್ಲಿ ದೂರು ಹೇಳಿ ಬರಬೇಡಿ. ಏನೇನು ಕಂಡಿರೋ ಅದನ್ನೆಲ್ಲ ದಿನಾಂಕ ಮತ್ತು ಕಿಲೋಮೀಟರ್ ಸಮೇತ ಜಾಬ್ ಕಾರ್ಡಿನಲ್ಲಿ ಬರೆಸಿ, ಅದರ ಪ್ರತಿ ಪಡೆಯಿರಿ. ಲೈಟ್ ಬಂದಿಲ್ಲವೆಂದರೂ ಬ್ಯಾಟರಿಯ ಒಳಭಾಗಗಳ ವೋಲ್ಟೇಜನ್ನು ಯಂತ್ರದಲ್ಲಿ ಓದಲು ಸಾಧ್ಯ. ಮೇಲೆ ಹೇಳಿದ ಪ್ರಿಯಸ್‌ನಲ್ಲಿ ಎರಡೆರಡು ಮಾಡ್ಯೂಲ್ ಸೇರಿ 14 ಭಾಗಗಳಾಗಿ ಅದು ಕಾಣುತ್ತದೆ. ಕಾರನ್ನು ಓಡಿಸಿ ನೋಡಿ ಆ ಅಂಕಿಗಳ ವರದಿ ಕೊಡಿರೆಂದು ಕೇಳಿ. ಒಂದು ಭಾಗ ಮಾತ್ರ ಪದೇ ಪದೇ ಕುಸಿಯುತ್ತಿದ್ದರೆ ಅದೇ ಮಾತನಾಡುವ ಸಾಕ್ಷಿ. ಗಾಳಿಯ ಕಿಂಡಿ ಶುಚಿಯಾಗಿರಲಿ, ಸರ್ವೀಸಿನ ರಸೀದಿಗಳು ಜೋಪಾನವಾಗಿರಲಿ.

ವಾಯಿದೆಯೊಳಗೆ ಬರೆಸಿದ ದೂರಿದ್ದರೆ, ವಾಯಿದೆ ದಾಟಿದ ಮೇಲೆ ಅದೇ ದೋಷ ಪೂರ್ತಿ ಹೊರಬಿದ್ದರೂ ನಿಮ್ಮ ಕೈಯಲ್ಲಿ ಗಟ್ಟಿ ಆಧಾರವಿರುತ್ತದೆ. ಆಗಲೂ ಡೀಲರ್ ಒಪ್ಪದಿದ್ದರೆ ಕಂಪೆನಿಗೆ ಪತ್ರ ಬರೆಯಿರಿ. ಅಲ್ಲೂ ನ್ಯಾಯ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವ್ಯಾಜ್ಯಕ್ಕೆ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ಇದು ಸತ್ಯದ ದಾರಿ. ತುಸು ಉದ್ದವಿರಬಹುದು, ಆದರೆ ಇದರಲ್ಲಿ ತಲೆತಗ್ಗಿಸುವ ತಿರುವಿಲ್ಲ. ಮೇಜಿನ ಆಚೆ ಕುಳಿತ ಯುವಕನ ಮೇಲೆ ಹರಿಹಾಯಬೇಡಿ ಎಂಬುದನ್ನೂ ನೆನಪಿಸುತ್ತೇನೆ. ನಿಯಮ ಬರೆದವನು ಅವನಲ್ಲ, ಸಂಬಳಕ್ಕೆ ದುಡಿಯುವ ಯಾರದೋ ಮಗ ಅವನು.

ಇಷ್ಟೆಲ್ಲ ಮಾಡಿದ ಮೇಲೂ ಅಂಕಿಗಳು ಸರಿಯಾಗಿವೆ, ಬ್ಯಾಟರಿ ಇನ್ನೂ ತನ್ನ ಕೆಲಸ ಮಾಡುತ್ತಿದೆ ಎಂದು ತೋರಿದರೆ? ವಾಯಿದೆ ಮುಗಿಯಿತು, ಕಂಪೆನಿ ಮಾತು ನಡೆಸಿತು ಎಂದು ಒಪ್ಪಿಕೊಳ್ಳಬೇಕು. ಆಮೇಲೆ ಕೆಟ್ಟರೆ ರಿಯಾಯಿತಿ ಕೊಡಿ ಎಂದು ವಿನಂತಿಸಬಹುದು. ಆದರೆ ಅದು ವಿನಂತಿ, ಹಕ್ಕಲ್ಲ. ನಷ್ಟವಾಗುತ್ತದೆ, ನಿಜ. ಬ್ಯಾಟರಿಯ ಬೆಲೆ ಸಣ್ಣದೇನಲ್ಲ. ಸಾಲ ಮಾಡಬೇಕಾಗಬಹುದು. ಪ್ರಾಮಾಣಿಕತೆಯಿಂದ ಎಂದೂ ನಷ್ಟವಾಗುವುದಿಲ್ಲ ಎಂದು ನಾನು ಹೇಳಲಾರೆ. ಇಹದಲ್ಲಿ ಆಗುತ್ತದೆ. ನಷ್ಟವೇ ಇಲ್ಲದಿದ್ದರೆ ಅದಕ್ಕೆ ಪರಲೋಕದಲ್ಲಿ ಪ್ರತಿಫಲವೇಕೆ ಇರುತ್ತಿತ್ತು?

ಆಗ ಇನ್ನೊಂದು ಆಸೆ ಹುಟ್ಟುತ್ತದೆ: ಸಂಕೇತ ಅಳಿಸಿ, ಒಂದೆರಡು ಹಳೆಯ ಮಾಡ್ಯೂಲ್ ಬದಲಿಸಿ, ಲೈಟ್ ಮತ್ತೆ ಬರುವ ಮೊದಲೇ ಕಾರನ್ನು ಮಾರಿಬಿಡುವುದು. ಕೊಳ್ಳುವವನು ಬಹುಶಃ ಊರಿನ ಒಬ್ಬ ಮೇಷ್ಟ್ರು, ಅಥವಾ ದುಬೈಯಿಂದ ಉಳಿತಾಯ ಹೊತ್ತು ಮರಳಿದ ಒಬ್ಬ ತಂದೆ. ಅವರಿಗೆ ಹೇಳಿ ಮಾರಿ, ಬೆಲೆ ಇಳಿಸಿ ಮಾರಿ. ಹೇಳದೆ ಮಾರಿದರೆ ಮದೀನಾದ ಆ ತೇವದ ರಾಶಿಯನ್ನು ನೀವೇ ಅವರ ಅಂಗಳಕ್ಕೆ ಸುರಿದಂತೆ.

ಓದುಗರೇ, ಕಂಪೆನಿಯ ಕಂಪ್ಯೂಟರ್ ಕಾರಿನೊಳಗಿನ ದೋಷಗಳನ್ನು ಮಾತ್ರ ದಾಖಲಿಸುತ್ತದೆ. ನಮ್ಮೊಳಗಿನ ದೋಷಗಳ ದಾಖಲೆ ಬೇರೆ ಕಡೆ ಇದೆ, ಅದನ್ನು ಅಳಿಸುವ ಯಂತ್ರ ಯಾರ ಬಳಿಯೂ ಇಲ್ಲ. ನಿಮ್ಮ ಹಕ್ಕನ್ನು ಪೂರ್ತಿಯಾಗಿ ಕೇಳಿ, ಹಕ್ಕಿಗಿಂತ ಒಂದು ಬೊಗಸೆಯನ್ನೂ ಹೆಚ್ಚು ಮೊಗೆಯಬೇಡಿ. ಅಲ್ಲಾಹನು ನಮ್ಮೆಲ್ಲರ ವ್ಯವಹಾರಗಳನ್ನು ಶುದ್ಧಗೊಳಿಸಲಿ.