ಉಪವಾಸವೋ ರೋಗವೋ

ದಾಳಿಂಬದ ಎಲೆಯ ಮೇಲೆ ಎಣ್ಣೆ ಇಂಗಿದಂತಹ ಚುಕ್ಕೆಯೊಂದು ಮೂಡಿತೆಂದರೆ, ಜತ್ತ ಸೀಮೆಯ ತೋಟಗಾರನಿಗೆ ಪಂಡಿತರ ಅಭಿಪ್ರಾಯ ಬೇಕಾಗುವುದಿಲ್ಲ. ಅದು ತೇಲ್ಯಾ, ಗ್ರಂಥಗಳು ದುಂಡಾಣು ಅಂಗಮಾರಿ ಎಂದು ಕರೆಯುವ ವ್ಯಾಧಿ. ಕಾಯಿಗಳ ಮೇಲೆ ಕರಿಯ ಮಚ್ಚೆಗಳೆದ್ದು, ಸಿಪ್ಪೆ ಸೀಳಿ, ವರ್ಷದ ದುಡಿಮೆ ಪೇಟೆಯ ಮುಖವನ್ನೇ ಕಾಣದಂತಾಗುತ್ತದೆ. ಆದರೆ ಚುಕ್ಕೆ ತೋರುವುದಕ್ಕೆ ಕೆಲವು ದಿನ ಮುಂಚೆಯೇ ಆ ಸೂಕ್ಷ್ಮಜೀವಿ ಎಲೆಯನ್ನು ಹೊಕ್ಕಿರುತ್ತದೆ. ಕಣ್ಣಿಗೆ ನಿರೋಗಿಯಾಗಿ ತೋರುತ್ತ ಒಳಗೆ ರೋಗಿಯಾಗಿರುವ ಆ ಗಿಡವನ್ನು ಯಾವ ಪ್ರಮಾಣದಿಂದ ಅರಿಯಬೇಕು?

ಈ ಪ್ರಶ್ನೆಗೆ ಇಂದು ಆಕಾಶದಿಂದ ಉತ್ತರವನ್ನು ನಿರೀಕ್ಷಿಸುವವರಿದ್ದಾರೆ. ಆರೋಗ್ಯವಂತ ಎಲೆಯು ಕೆಂಪು ಬೆಳಕನ್ನು ಹೀರಿಕೊಂಡು, ತನ್ನೊಳಗಿನ ಕೋಶರಚನೆಯ ಬಲದಿಂದ ಅವಕೆಂಪು ಕಿರಣವನ್ನು ಹೇರಳವಾಗಿ ಹಿಂದಕ್ಕೆ ಚೆಲ್ಲುತ್ತದೆ. ಆ ರಚನೆ ಕೆಟ್ಟಂತೆ ಚೆಲ್ಲುವುದೂ ತಗ್ಗುತ್ತದೆ. 1970ರ ಸುಮಾರಿಗೆ ವಿಜ್ಞಾನಿ ಪಿ. ಆರ್. ಪಿಶಾರೋಟಿಯವರು ಕೇರಳದ ತೆಂಗಿನ ತೋಟಗಳನ್ನು ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಸೆರೆಹಿಡಿಸಿ ಬೇರು ಸೊರಗು ರೋಗವನ್ನು ಅರಸಿದುದು ಭಾರತದಲ್ಲಿ ಈ ವಿದ್ಯೆಯ ನಾಂದಿಯೆನಿಸಿತು. ಈಗ ಉಪಗ್ರಹಗಳು ದಿನಗಳ ಅಂತರದಲ್ಲಿ ಅದೇ ಹೊಲವನ್ನು ಮತ್ತೆ ಮತ್ತೆ ನೋಡುತ್ತವೆ.

ಇಂತಹ ನೋಟವನ್ನು ಜೈನರ ಅವಧಿಜ್ಞಾನಕ್ಕೆ ಹೋಲಿಸಬೇಕೆನಿಸುವುದು ಸಹಜ: ಇಂದ್ರಿಯಗಳ ಹಂಗಿಲ್ಲದೆ ದೂರದ ರೂಪಿದ್ರವ್ಯವನ್ನು ಅರಿಯುವ ಶಕ್ತಿಯಷ್ಟೆ ಅದು. ಆದರೆ ಆಗಮಜ್ಞರು ಅವಧಿಯನ್ನು ಪ್ರತ್ಯಕ್ಷದ ಸಾಲಿಗೆ ಸೇರಿಸಿದರು, ಅದಕ್ಕೂ ವಿಪರ್ಯಾಸವುಂಟೆಂದು ಎಚ್ಚರಿಸಿದರು. ಉಪಗ್ರಹವೋ ರೋಗವನ್ನು ಕಾಣುವುದೇ ಇಲ್ಲ. ಅದು ಕಾಣುವುದು ಬೆಳಕಿನ ಏರುಪೇರನ್ನು. ಅಲ್ಲಿಂದ ರೋಗಕ್ಕೆ ಹೋಗುವ ದಾರಿ ಶುದ್ಧ ಅನುಮಾನ. ಆದುದರಿಂದ ಹೊಗೆಯಿಂದ ಬೆಂಕಿಯನ್ನು ಊಹಿಸುವವನ ಮೇಲೆ ನೈಯಾಯಿಕರು ಹೊರಿಸಿದ ಕಟ್ಟುಪಾಡೆಲ್ಲ ಇಲ್ಲಿಯೂ ಸಲ್ಲುತ್ತದೆ. ಕಿರಣ ಕುಗ್ಗಿದಲ್ಲೆಲ್ಲ ರೋಗವುಂಟೆಂಬ ವ್ಯಾಪ್ತಿ ಸಿದ್ಧಿಸಿದೆಯೇ?

ಜತ್ತ ಸೀಮೆಯ ಕುಣಿಕೋಣೂರಿನ ಸುತ್ತಣ ಬಯಲು ನಾಡಿನಲ್ಲಿ ಇದು ಸಿದ್ಧಿಸುವುದು ಕಠಿಣ. ಮಳೆ ಕೈಕೊಟ್ಟ ವರ್ಷ ನೀರಿಲ್ಲದೆ ಬಾಡಿದ ಗಿಡವೂ ಅದೇ ಕುಗ್ಗಿದ ಕಿರಣವನ್ನು ಕಳುಹಿಸುತ್ತದೆ. ಅದಕ್ಕಿಂತ ಸೋಜಿಗದ ಸಂಗತಿ ಬೇರೆಯಿದೆ. ದಾಳಿಂಬದ ಒಕ್ಕಲಿಗನು ಬಹಾರ, ಎಂದರೆ ಹೂವಿನ ಹಂಗಾಮು, ಹಿಡಿಯುವಾಗ ಬೇಕೆಂದೇ ತಾಣ ಕೊಡುತ್ತಾನೆ: ಹನಿ ನೀರಾವರಿಯನ್ನು ಹಲವು ವಾರ ನಿಲ್ಲಿಸಿ, ಎಲೆ ಹಳದಿಯಾಗಿ ಉದುರುವವರೆಗೆ ಕಾದು, ಬಳಿಕ ಗೊಬ್ಬರವಿಕ್ಕಿ ನೀರು ಬಿಟ್ಟಾಗ ಗಿಡವು ಒಮ್ಮೆಗೇ ಚಿಗುರಿ ಹೂವಿಡುತ್ತದೆ. ಏಕಾದಶಿಯ ನಿರಾಹಾರಿಯೂ ಜ್ವರದಿಂದ ಅನ್ನ ಬಿಟ್ಟವನೂ ಸೊರಗಿದ ಮುಖದಲ್ಲಿ ಒಂದೇ ಬಗೆಯಾಗಿ ತೋರುವಂತೆ, ವ್ರತಸ್ಥ ತೋಟವೂ ರೋಗಗ್ರಸ್ತ ತೋಟವೂ ಮೇಲಿನಿಂದ ಒಂದೇ. ಹೇತುವು ಸವ್ಯಭಿಚಾರವಾಯಿತು, ರೋಗವಿಲ್ಲದಲ್ಲಿಯೂ ತೋರಿತು. ಬಹುಕಾಲದ ಚಿತ್ರಗಳನ್ನು ಜೋಡಿಸಿ, ಹಲವು ವರ್ಣಪಟ್ಟಿಗಳನ್ನು ಹೋಲಿಸಿ ಈ ದೋಷವನ್ನು ಬಹಳಮಟ್ಟಿಗೆ ತಗ್ಗಿಸಬಹುದು, ನಿಜ; ಆದರೂ ಸಂಕಲ್ಪವೆಂಬುದು ಯಾವ ವರ್ಣಪಟ್ಟಿಯಲ್ಲಿಯೂ ಬೀಳುವ ವಸ್ತುವಲ್ಲ.

ಮತ್ತೊಂದು ತೊಡಕು ಸಣ್ಣದು, ಹೇಳಿಬಿಡುತ್ತೇನೆ. 2015ರಲ್ಲಿ ಮೊದಲಾದ ಸೆಂಟಿನೆಲ್-2 ಉಪಗ್ರಹಗಳ ಚಿತ್ರದಲ್ಲಿ ಅತಿ ಚಿಕ್ಕ ಚೌಕಕ್ಕೆ ಹತ್ತು ಮೀಟರಿನ ಪಕ್ಕ. ನಾಲ್ಕೂವರೆ ಮೀಟರಿಗೆ ಮೂರು ಮೀಟರಿನಂತೆ ನೆಟ್ಟ ತೋಟದಲ್ಲಿ ಅದರೊಳಗೆ ಏಳು ಗಿಡಗಳು ಕೂಡಿಬಿಡುತ್ತವೆ. ಒಂದು ಗಿಡದ ಮೊದಲ ಚುಕ್ಕೆಯ ನೋವು ಉಳಿದ ಆರರ ಹಸುರಿನಲ್ಲಿ ಕರಗಿಹೋಗುವುದು. ಅದನ್ನು ಕಾಣಬೇಕಾದರೆ ಡ್ರೋನು ಹಾರಬೇಕು, ಇಲ್ಲವೆ ಮನುಷ್ಯನು ಸಾಲಿಗಿಳಿದು ಎಲೆಯನ್ನು ಮಗುಚಬೇಕು.

ಸಂಕಲ್ಪವನ್ನು ಅರಿಯಬೇಕಾದಲ್ಲಿ ಮತ್ತೊಂದು ಪ್ರಮಾಣವಾದ ಶಬ್ದವು, ಎಂದರೆ ಆಪ್ತನ ಮಾತು, ಪ್ರವೇಶಿಸುತ್ತದೆ. ನೀರು ನಿಲ್ಲಿಸಿದುದು ಯಾವಾಗ, ಬಿಟ್ಟುದು ಯಾವಾಗ ಎಂಬುದನ್ನು ತೋಟದವನೇ ಹೇಳಬೇಕು. ಚಿತ್ರ ಓದುವವನು ಕೇಳಬೇಕು. ಇದನ್ನು ಕೆಲವು ವಿಜ್ಞಾನಿಗಳು ಕೇವಲ ನೆಲದ ತಾಳೆಯೆಂದು ಎರಡನೆಯ ದರ್ಜೆಗೆ ಇಳಿಸುವುದು ನನಗೆ ಸರಿಯೆನಿಸದು. ನ್ಯಾಯಭಾಷ್ಯದಲ್ಲಿ ವಾತ್ಸ್ಯಾಯನನು ಆಪ್ತನೆಂದರೆ ವಿಷಯವನ್ನು ಸಾಕ್ಷಾತ್ತಾಗಿ ಅರಿತು, ಅರಿತುದನ್ನು ಅರಿತಂತೆಯೇ ತಿಳಿಸಬಯಸುವವನೆಂದು ನಿರೂಪಿಸಿ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸೇರಿಸಿದ್ದಾನೆ. ಬಹಾರ ಹಿಡಿದ ತಿಂಗಳನ್ನು ನೆನಪಿಟ್ಟ ಜತ್ತದ ರೈತನು ಆ ಲಕ್ಷಣದಿಂದ ಹೊರಗುಳಿಯಲು ನನಗಂತೂ ಕಾರಣ ಕಾಣದು.