ಐದನೆಯ ಗೇರು

ಹಳೆಯ ಕಾರಿಗೆ ಹೊಸ ಗೇರ್‌ಬಾಕ್ಸ್ ಕೂಡಿಸಬಹುದೇ ಎಂದು ಮೆಕ್ಯಾನಿಕ್ಕನ್ನು ಕೇಳಿದರೆ, ಕಾರಿನ ಅಡಿಗೆ ಇಣುಕಿ ನೋಡಿ ಉತ್ತರ ಹೇಳಿಬಿಡುತ್ತಾನೆ. ಕೂಡಿಸುವುದು ಸರಿಯೇ ಎಂದು ಕೇಳಿದರೆ ನಮ್ಮ ಮುಖ ನೋಡುತ್ತಾನೆ. ಆ ಎರಡನೆಯ ಪ್ರಶ್ನೆ ಅವನದಲ್ಲ, ನಿಜ; ಆದರೆ ಯಾರದೂ ಅಲ್ಲವೆಂದು ತಳ್ಳಿಬಿಡುವಂಥದೂ ಅಲ್ಲ.

ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿರುವ ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ ೧೯೬೮ರ ಅಂಬಾಸಿಡರ್ ಇದೆ. ಅವರ ತಂದೆ ಕೊಂಡದ್ದು. ಇರುವುದು ನಾಲ್ಕೇ ಗೇರು. ಗೇರಿನ ಹಿಡಿಯೂ ನೆಲದಲ್ಲಿಲ್ಲ, ಸ್ಟೀರಿಂಗಿನ ಕಂಬಕ್ಕೆ ಅಂಟಿಕೊಂಡಿದೆ. ಬನ್ನೂರಿಗೋ ಮಳವಳ್ಳಿಗೋ ಹೋಗಿಬರಲು ಅಷ್ಟು ಸಾಕು. ಆದರೆ ೨೦೨೩ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಗೆ ಇಳಿದರೆ ನಾಲ್ಕನೆಯ ಗೇರಿನಲ್ಲಿ ಎಂಜಿನ್ ಅರಚಿಕೊಳ್ಳುತ್ತದೆ. ಆ ಗೇರಿನಲ್ಲಿ ಎಂಜಿನ್ ಒಂದು ಸುತ್ತು ಸುತ್ತಿದರೆ ಹಿಂದಿನ ಶಾಫ್ಟೂ ಸರಿಯಾಗಿ ಒಂದೇ ಸುತ್ತು. ಐದನೆಯ ಗೇರೊಂದಿದ್ದರೆ ಎಂಜಿನ್ನಿನ ಸುತ್ತು ಮುಗಿಯುವ ಮೊದಲೇ ಶಾಫ್ಟು ತನ್ನ ಸುತ್ತನ್ನು ಮುಗಿಸಿರುತ್ತದೆ. ಅದೇ ವೇಗ, ಕಡಿಮೆ ಶ್ರಮ. ಅಂಬಾಸಿಡರ್ ತಯಾರಿಸುತ್ತಿದ್ದ ಹಿಂದೂಸ್ತಾನ್ ಮೋಟರ್ಸ್ ಕಂಪನಿಯೇ ತೊಂಬತ್ತರ ದಶಕದಲ್ಲಿ ಇಸುಜು ಎಂಜಿನ್ನಿನ ಜೊತೆಗೆ ಐದು ಗೇರಿನ ಪೆಟ್ಟಿಗೆಯನ್ನು ಕೊಟ್ಟಿತ್ತು. ೨೦೧೪ರಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರಿನ ತಯಾರಿಕೆ ನಿಂತಿತು. ಸ್ನೇಹಿತರು ಗುಜರಿಯಿಂದ ಅಂಥದೊಂದು ಪೆಟ್ಟಿಗೆಯನ್ನು ತಂದಿಟ್ಟಿದ್ದಾರೆ.

ಬೇರೊಂದು ಎಂಜಿನ್ನಿಗಾಗಿ ಹುಟ್ಟಿದ ಪೆಟ್ಟಿಗೆ ಇದು. ನಡುವೆ ಕೂರಲು ಲೇತಿನಲ್ಲಿ ಒಂದು ತಟ್ಟೆ ಮಾಡಿಸಬೇಕು, ಕ್ಲಚ್ ಪ್ಲೇಟಿನ ಹಲ್ಲು ಹೊಂದಿಸಬೇಕು, ಶಾಫ್ಟಿನ ಉದ್ದವನ್ನು ಸರಿಪಡಿಸಬೇಕು. ಇದರ ಹಿಡಿ ಮೇಲಕ್ಕೆ ಬರುವುದು ನೆಲದಿಂದ. ಆದ್ದರಿಂದ ಕಾರಿನ ತಳದ ತಗಡಿಗೆ ತೂತು ಕೊರೆಯಬೇಕು. ಮಿಕ್ಕದ್ದನ್ನೆಲ್ಲ ನಾಳೆ ಬಿಚ್ಚಿ ಹಿಂದಿನಂತೆ ಮಾಡಬಹುದು. ತೂತನ್ನು ಮುಚ್ಚಬಹುದು, ಆದರೆ ಇರಲಿಲ್ಲವೆನ್ನಲಾಗದು.

ಗೇರ್‌ಬಾಕ್ಸ್ ಬದಲಾದ ಮೇಲೆ ಇದು ಅದೇ ಕಾರೇ? ಗ್ರೀಕರು ಥೀಸಿಯಸನ ಹಡಗಿನ ಬಗೆಗೆ ಇದನ್ನೇ ಕೇಳಿಕೊಂಡಿದ್ದರು. ಹಲಗೆ ಕೊಳೆತಂತೆಲ್ಲ ಹೊಸ ಹಲಗೆ ಜೋಡಿಸುತ್ತ ಬಂದಿದ್ದರು ಅಥೆನ್ಸಿನವರು. ನಮ್ಮಲ್ಲಿ ನಾಗಸೇನ, ರಥವೇರಿ ಬಂದ ಮಿಲಿಂದ ರಾಜನನ್ನು ಕೇಳಿದ: ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಯಾವುದೂ ಅಲ್ಲ, ಎಲ್ಲ ಕೂಡಿದಾಗ ನಾವಿಟ್ಟುಕೊಂಡ ಹೆಸರಷ್ಟೇ ರಥ. ತರಗತಿಯಲ್ಲಿ ಹೇಳಿದರೆ ಹುಡುಗರು ಮೆಚ್ಚುತ್ತಾರೆ.

ಸರ್ಕಾರ ಅಷ್ಟು ನಿರಾಳವಾಗಿಲ್ಲ. ೨೦೨೧ರ ವಿಂಟೇಜ್ ವಾಹನಗಳ ನಿಯಮದಂತೆ, ಐವತ್ತು ವರ್ಷ ದಾಟಿ ಮೂಲರೂಪದಲ್ಲಿ ಉಳಿದ ಕಾರಿಗೆ ಮಾತ್ರ ಆ ಗೌರವ. ಚಾಸಿ, ಹೊರಮೈ, ಎಂಜಿನ್ ಇವುಗಳಲ್ಲಿ ಗಣನೀಯ ಬದಲಾವಣೆ ಆಗಿರಕೂಡದು. ಗೇರ್‌ಬಾಕ್ಸಿನ ಹೆಸರು ಅಲ್ಲಿಲ್ಲ. ಹೆಸರಿಲ್ಲದ್ದಕ್ಕೆಲ್ಲ ಅನುಮತಿಯಿದೆ ಎಂದರ್ಥವಲ್ಲ. ಸಾರಿಗೆ ಕಚೇರಿಯಲ್ಲಿ ವಿಚಾರಿಸದೆ ಕೈಹಾಕುವುದು ಜಾಣತನವೂ ಅಲ್ಲ. ನನಗೆ ಸೋಜಿಗವೆನಿಸಿದ್ದು ಅದೇ ನಿಯಮದ ಇನ್ನೊಂದು ಮಾತು: ಹಾಗೆ ನೋಂದಣಿಯಾದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಓಡದೆ ಉಳಿಯುವುದೋ, ಬದಲಾಗಿ ಓಡುವುದೋ? ಓಡುವುದಕ್ಕೆಂದೇ ಹುಟ್ಟಿದ ವಸ್ತುವನ್ನು ನಿಲ್ಲಿಸಿ ಪೂಜಿಸುವುದನ್ನು ನಿಷ್ಠೆಯೆನ್ನಲು ನನಗೆ ಮನಸ್ಸು ಬಾರದು.

ಅದೇ ಕಿರುಗಾವಲಿನಲ್ಲಿ ಬಡಾ ಬಾಗ್ ಎಂಬ ಹಳೆಯ ಮಾವಿನ ತೋಪಿದೆ. ನೂರಕ್ಕೂ ಹೆಚ್ಚು ತಳಿಗಳು ಅಲ್ಲಿವೆ. ಆ ಮನೆತನದ ಸೈಯದ್ ಗನಿ ಖಾನ್ ಅವರು ನೂರಾರು ನಾಟಿ ಭತ್ತದ ತಳಿಗಳನ್ನೂ ಉಳಿಸಿದ್ದಾರೆ. ಭತ್ತವನ್ನು ಬಿತ್ತಿ ಉಳಿಸಬಹುದು. ಮಾವಿನ ಮಾತು ಬೇರೆ. ಬಾದಾಮಿಯ ವಾಟೆ ನೆಟ್ಟರೆ ಬಾದಾಮಿಯೇ ಬಂದೀತೆಂಬ ಭರವಸೆಯಿಲ್ಲ. ತಳಿ ಉಳಿಯಬೇಕಾದರೆ ಅದರ ಕುಡಿಯನ್ನು ಇನ್ನಾವುದೋ ಸಸಿಯ ಬುಡಕ್ಕೆ ಕಸಿ ಮಾಡಬೇಕು. ಅಂದರೆ, ಪರರ ಬೇರಿನ ಮೇಲೆ ನಿಂತೇ ಅದು ತಾನಾಗಿ ಉಳಿಯಬೇಕು. ಸ್ನೇಹಿತರಿಗೆ ಇದನ್ನು ಹೇಳಿದಾಗ ಅವರಿಗೆ ಬಹಳ ಹಿತವಾಯಿತು. ಅವರ ಪಕ್ಷಕ್ಕೆ ಸಾಕ್ಷಿ ಸಿಕ್ಕಿತಲ್ಲ! ಆದರೆ ಕಸಿ ಮಾಡುವವನಿಗೆ ತಾನು ಉಳಿಸುತ್ತಿರುವುದು ಹಣ್ಣನ್ನು ಎಂದು ಗೊತ್ತಿರುತ್ತದೆ. ಕಾರಿನಲ್ಲಿ ಹಣ್ಣು ಯಾವುದು? ಓಡಾಟ ಎಂದರು ಸ್ನೇಹಿತರು.

ಅವರ ತಾಯಿ ಹಾಗೆನ್ನಲಿಲ್ಲ. ತೊಟ್ಟಿಯ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದವರು, “ನಿಮ್ಮಪ್ಪನ ಕೈ ಆಡಿದ ಹಿಡಿ ಕಣ್ಮಗ ಅದು. ಅದನ್ನ ಕಿತ್ಬುಟ್ರೆ ಇನ್ನೇನೈತೆ ಅದ್ರಲ್ಲಿ?” ಎಂದರು. ಹಿಡಿಯ ಗುಂಡಿನ ಬಣ್ಣ ಒಂದು ಕಡೆ ಮಾತ್ರ ಸವೆದಿದೆ. ಎಡಗೈಯ ಬೆರಳು ಒತ್ತುವ ಕಡೆ.

ನಾಗಸೇನನ ತರ್ಕಕ್ಕೆ ಇಲ್ಲಿ ದಾರಿಯಿಲ್ಲ. ಯಾವ ಬಿಡಿಭಾಗವೂ ರಥವಲ್ಲ ಎಂಬುದನ್ನು ಒಪ್ಪಿದರೂ, ಒಂದು ಬಿಡಿಭಾಗವೇ ಯಾರೋ ಒಬ್ಬರಿಗೆ ಇಡೀ ರಥವಾಗಿರುವುದುಂಟು. ಮೂಲರೂಪಕ್ಕೆ ಜೋತುಬೀಳುವ ಸಂಗ್ರಾಹಕರ ಹಠಕ್ಕಿಂತ ಆಕೆಯ ಮಾತು ನನಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ. ಸಂಗ್ರಾಹಕನಿಗೆ ಅಂಥದೇ ಇನ್ನೊಂದು ಅಂಬಾಸಿಡರ್ ಸಿಕ್ಕೀತು. ಇವರಿಗೆ ಸಿಗದು.

ಹಿಡಿಯನ್ನು ಅಲ್ಲಿಯೇ ಬಿಟ್ಟು, ಕೆಲಸವನ್ನು ಮಾತ್ರ ನೆಲದ ಹಿಡಿಗೆ ಕೊಡಬಹುದೆಂದು ಮೆಕ್ಯಾನಿಕ್ ಸೂಚಿಸಿದ. ನನಗೆ ಅದು ಹಿಡಿಸಲಿಲ್ಲ. ಏನನ್ನೂ ನಡೆಸದ ಹಿಡಿಯನ್ನು ತಾಯಿಯ ಕಣ್ಣೆದುರಿಗೆ ಇಟ್ಟು ಸಮಾಧಾನಪಡಿಸುವುದು, ಅವರ ಮಾತನ್ನು ಕೇಳಿದಂತೆ ನಟಿಸುವುದಷ್ಟೇ. ಬದಲಾಯಿಸುವುದಾದರೆ ಅವರಿಗೆ ಹೇಳಿ ಬದಲಾಯಿಸಬೇಕು. ಹಳೆಯ ಪೆಟ್ಟಿಗೆಯನ್ನೂ ಹಿಡಿಯನ್ನೂ ಎಣ್ಣೆ ಸವರಿ ಎತ್ತಿಡಬೇಕು. ಮುಂದೆ ಮಾರುವ ಕಾಲ ಬಂದರೆ ಕೊಳ್ಳುವವನಿಗೂ ತೂತನ್ನು ತೋರಿಸಬೇಕು. ಇಷ್ಟನ್ನು ನಾನು ಹೇಳಿದೆ. ಸ್ನೇಹಿತರು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ.

ಐದು ಗೇರಿನ ಪೆಟ್ಟಿಗೆ ಸದ್ಯಕ್ಕೆ ಗೋಣಿಚೀಲದಲ್ಲಿ ಸುತ್ತಿ ಕೊಟ್ಟಿಗೆಯ ಮೂಲೆಯಲ್ಲಿದೆ. ತಾಯಿಯವರಿಗೆ ಎಂಬತ್ತು ದಾಟಿದೆ. ಮಗ ಆತುರಪಡುತ್ತಿಲ್ಲ.