ನೋಟದ ಋಣ

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ನನ್ನ ಸೋದರಳಿಯ ಕಳೆದ ದೀಪಾವಳಿಗೆ ಆಳಂದಕ್ಕೆ ಬಂದಿದ್ದ. ಒಂದು ಮಧ್ಯಾಹ್ನ ನನ್ನ ಕಪಾಟು ತೆರೆದು, ಅದರಲ್ಲಿದ್ದ ಎರಡು ಕ್ಯಾಮರಾಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು, “ಮಾಮಾ, ಇವೆರಡರಾಗ ಚೊಲೋದು ಯಾವುದು?” ಎಂದು ಕೇಳಿದ.

ಪ್ರಶ್ನೆ ಸರಳವಾದುದೇ. ಅಂಗಡಿಯವನಾಗಿದ್ದರೆ ಒಂದು ನಿಮಿಷದಲ್ಲಿ ಉತ್ತರ ಹೇಳಿ ಮುಗಿಸುತ್ತಿದ್ದ. ನನಗೆ ಮಾತ್ರ ಬಾಯಿ ಕಟ್ಟಿದಂತಾಯಿತು. ‘ಚೊಲೋದು’ ಎಂಬ ನಮ್ಮ ಕಡೆಯ ಮಾತಿಗೆ ಎರಡು ಮುಖಗಳಿವೆ. ಚೆನ್ನಾಗಿ ಕೆಲಸ ಮಾಡುವ ವಸ್ತುವೂ ಚೊಲೋದೇ. ನಡತೆ ಶುದ್ಧವಾಗಿರುವ ಮನುಷ್ಯನೂ ಚೊಲೋ ಮನುಷ್ಯನೇ. ಅಳಿಯ ಕೇಳಿದ್ದು ಮೊದಲನೆಯ ಅರ್ಥದಲ್ಲಿ. ನನ್ನ ಮನಸ್ಸಿಗೆ ಚುಚ್ಚಿದ್ದು ಎರಡನೆಯದು. ಯಂತ್ರಕ್ಕೆ ನಡತೆಯುಂಟೆ ಎಂದು ಓದುಗರು ನಕ್ಕಾರು. ನಗಲಿ, ಆದರೆ ಮುಂದಿನದನ್ನೂ ಕೇಳಲಿ.

ಮೊದಲನೆಯ ಕ್ಯಾಮರಾ 2004ರಲ್ಲಿ ಜಪಾನಿನ ಎಪ್ಸನ್ ಸಂಸ್ಥೆ ಹೊರತಂದ ಆರ್-ಡಿ1. ರೇಂಜ್‌ಫೈಂಡರ್ ಎಂಬ ಹಳೆಯ ಜಾತಿಯಲ್ಲಿ ಮೊತ್ತಮೊದಲು ಬಂದ ಡಿಜಿಟಲ್ ಕ್ಯಾಮರಾ ಅದು. ನಾನು ಕೊಂಡದ್ದು ಮತ್ತೊಬ್ಬರು ಬಳಸಿ ಬಿಟ್ಟದ್ದನ್ನು, ನಿವೃತ್ತಿಯ ಹಣದಲ್ಲಿ, ಮನೆಯವಳ ಮುನಿಸಿನೊಡನೆ. ಅದರ ಮುಂಭಾಗದಲ್ಲಿ ಎರಡು ಪುಟ್ಟ ಕಿಟಕಿಗಳಿವೆ. ಒಂದೇ ಮುಖವನ್ನು ಅವೆರಡೂ ತುಸು ಬೇರೆ ಬೇರೆ ಕೋನದಿಂದ ಕಾಣುತ್ತವೆ. ಕಣ್ಣಿಟ್ಟು ನೋಡಿದರೆ ಒಂದರ ಮೇಲೊಂದು ಬಿದ್ದ ಜೋಡಿ ಬಿಂಬ ಕಾಣುತ್ತದೆ. ಮಸೂರದ ಬಳೆಯನ್ನು ತಿರುಗಿಸುತ್ತ ಹೋದಂತೆ ಬಿಂಬಗಳು ಹತ್ತಿರ ಹತ್ತಿರ ಸರಿದು ಒಂದಾಗುತ್ತವೆ. ಆಗ ದೂರ ಸರಿಯಾಯಿತೆಂದು ತಿಳಿಯಬೇಕು. ಚಿತ್ರವೊಂದಕ್ಕೆ ಒಂದು ಸಲ ಹೆಬ್ಬೆರಳಿನಿಂದ ಸನ್ನೆಯನ್ನು ಎಳೆಯಲೇಬೇಕು, ಇಲ್ಲವಾದರೆ ಅದು ಅಲುಗಾಡದು. ತಲೆಯ ಮೇಲೆ ಗಡಿಯಾರದಂತಹ ಮುಳ್ಳುಗಳು. ಬೆನ್ನಿನ ಪರದೆಯನ್ನು ಒಳಮುಖವಾಗಿ ತಿರುಗಿಸಿ ಮುಚ್ಚಿಬಿಡಬಹುದು. ಚಿತ್ರದ ಚುಕ್ಕೆಗಳು ಅರವತ್ತು ಲಕ್ಷ ಮಾತ್ರ. ಇಂದಿನ ಲೆಕ್ಕಕ್ಕೆ ಬಡತನವೇ.

ಎರಡನೆಯದು ಸೋನಿಯ ಆರ್‌ಎಕ್ಸ್100, 2012ರ ಸೃಷ್ಟಿ. ತೂಕ ಸುಮಾರು 240 ಗ್ರಾಮು. ಅಂಗಿಯ ಜೇಬಿನಲ್ಲಿ ಕನ್ನಡಕದ ಗೂಡಿನಂತೆ ಕುಳಿತಿರುತ್ತದೆ. ಚುಕ್ಕೆಗಳು ಎರಡು ಕೋಟಿ. ಬೇಕೆಂದರೆ ಸೆಕೆಂಡಿಗೆ ಹತ್ತು ಚಿತ್ರ. ಮುಖ ಎಲ್ಲಿದೆಯೆಂದು ತಾನೇ ಹುಡುಕುತ್ತದೆ. ಎದುರಿನವರು ನಕ್ಕ ಕ್ಷಣದಲ್ಲಿ ತಾನೇ ಚಿತ್ರ ತೆಗೆಯುವ ಏರ್ಪಾಡೂ ಅದರಲ್ಲುಂಟು. ನಗದವರ ಗತಿಯೇನು ಎಂದು ಅದನ್ನು ಕೇಳಬಾರದು.

ಬಹುಕಾಲ ನಾನು ಹಳೆಯದೇ ಧರ್ಮಿಷ್ಠನೆಂದು ನಂಬಿಕೊಂಡಿದ್ದೆ. ಅದಕ್ಕೆ ಕಾರಣಗಳೂ ಇದ್ದವು. ಅದನ್ನು ಹಿಡಿದು ಲಾಡ್ಲೆ ಮಶಾಕ್ ದರ್ಗಾದ ಹಾದಿಯಲ್ಲಿ ನಿಂತರೆ ಕನ್ನಡ, ಉರ್ದು, ಮರಾಠಿ ಮೂರರಲ್ಲೂ ಪ್ರಶ್ನೆಗಳು ಬರುತ್ತಿದ್ದವು: ಇದೇನು, ಎಷ್ಟಕ್ಕೆ ಕೊಂಡಿರಿ, ರೀಲು ಈಗಲೂ ಸಿಗುತ್ತದೆಯೆ? ನಾನು ಬಳೆ ತಿರುಗಿಸಿ ಎರಡು ಬಿಂಬಗಳನ್ನು ಕೂಡಿಸುವಷ್ಟರಲ್ಲಿ ಎದುರಿನವನು ಬೇಡವೆಂದು ಕೈಯಾಡಿಸಬಹುದು, ಟೊಪ್ಪಿಗೆ ಸರಿಮಾಡಿಕೊಳ್ಳಬಹುದು, ಎದ್ದು ಹೋಗಲೂಬಹುದು. ಬೇಡವೆನ್ನಲು ವೇಳೆ ಕೊಡುವ ಯಂತ್ರ ಸಭ್ಯ ಯಂತ್ರವಲ್ಲವೆ?

ಇನ್ನೊಂದು ಗುಣವೂ ಉಂಟು. ಅದರ ಕಿಂಡಿಯಲ್ಲಿ ಲೋಕ ಇದ್ದಷ್ಟೇ ಗಾತ್ರದಲ್ಲಿ ಕಾಣುವುದರಿಂದ ಎರಡು ಕಣ್ಣನ್ನೂ ತೆರೆದು ಚಿತ್ರ ತೆಗೆಯಬಹುದು. ಚಿತ್ರದ ಎಲ್ಲೆಯನ್ನು ಬೆಳಕಿನ ಗೆರೆಗಳು ತೋರಿಸುತ್ತವೆ. ಗೆರೆಯ ಆಚೆ ಏನಿದೆಯೆಂಬುದೂ ಕಾಣುತ್ತಲೇ ಇರುತ್ತದೆ. ಯಾವುದನ್ನು ಬಿಟ್ಟೆವೆಂದು ತಿಳಿದೇ ಬಿಡುತ್ತೇವೆ. ಜೇಬಿನ ಕ್ಯಾಮರಾದ ಪರದೆಯಲ್ಲಿ ಬಿಟ್ಟದ್ದು ಇಲ್ಲವೇ ಇಲ್ಲ. ಮತ್ತೆ, ಹಳೆಯದರಲ್ಲಿ ನೋಡುವ ಕಿಂಡಿ ಬೇರೆ, ಚಿತ್ರ ಬೀಳುವ ಮಸೂರ ಬೇರೆ. ಮುಚ್ಚಳ ತೆಗೆಯುವುದನ್ನು ಮರೆತು ಒಂದು ಮದುವೆಯ ಅಕ್ಷತೆಯನ್ನೆಲ್ಲ ಕತ್ತಲೆಗೆ ಅರ್ಪಿಸಿದ ಪುಣ್ಯಾತ್ಮ ನಾನು. ಕಂಡದ್ದೆಲ್ಲ ದಕ್ಕಿತೆಂಬ ಅಹಂಕಾರಕ್ಕೆ ಅದು ಒಳ್ಳೆಯ ಮದ್ದು.

ಹೀಗೆ ನನ್ನ ವಾದ ಗಟ್ಟಿಯಾಗಿತ್ತು. ಒಂದು ಜನವರಿ ಅದನ್ನು ಕದಡಿತು.

ತೊಗರಿಯ ರಾಶಿಯ ಕಾಲ. ನಮ್ಮ ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಆದರೆ ಚೀಲ ತುಂಬುವಾಗ ನೆಲಕ್ಕೆ ಚೆಲ್ಲುವ ಕಾಳಿಗೆ ಯಾವ ಗುರುತೂ ಇಲ್ಲ. ಒಂದು ಅಡತಿ ಅಂಗಡಿಯ ಮುಂದೆ ಹಮಾಲರು ಚೀಲ ಎತ್ತಿ ಹೋದ ಮೇಲೆ ಒಬ್ಬ ಮುದುಕಿ ಕಸಬರಿಗೆಯಿಂದ ಕಾಳು ಗುಡಿಸಿ, ಮೊರದಲ್ಲಿ ಕೇರಿ, ಸೆರಗಿನ ಉಡಿಗೆ ತುಂಬಿಕೊಳ್ಳುತ್ತಿದ್ದಳು. ಧೂಳಿನಲ್ಲಿ ಇಳಿಬಿಸಿಲು ಹಳದಿಯಾಗಿ ನಿಂತಿತ್ತು. ಪಕ್ಕದಲ್ಲಿ ಶಾಲೆಯ ಚೀಲ ಹೊತ್ತ ಮೊಮ್ಮಗಳು ಏನೋ ಹೇಳಿ ನಗುತ್ತಿದ್ದಳು. ನಾನು ಜೇಬಿನ ಕ್ಯಾಮರಾ ತೆಗೆದು, ಸೊಂಟದ ಮಟ್ಟದಲ್ಲಿ ಹಿಡಿದು, ಯಾರಿಗೂ ಅರಿವಾಗದಂತೆ ಚಿತ್ರ ತೆಗೆದೆ. ಹುಡುಗಿಯನ್ನು ಬಿಟ್ಟೆ. ನಗು ಬಂದರೆ ಚಿತ್ರ ಕೆಡುತ್ತದೆಂದು ನನ್ನೊಳಗಿನ ಕಲಾರಸಿಕ ಹೇಳಿದ.

ಚಿತ್ರ ಸೊಗಸಾಗಿ ಬಂದಿತ್ತು, ಸುಳ್ಳು ಹೇಳಲಾರೆ. ‘ಹಸಿದ ಉಡಿ’ ಎಂದು ಹೆಸರಿಟ್ಟು ವಾಟ್ಸಾಪಿನಲ್ಲಿ ನಾಲ್ಕು ಜನ ಗೆಳೆಯರಿಗೆ ಕಳಿಸಿದೆ. ಅವರು ಮೆಚ್ಚಿ ನಲವತ್ತು ಜನಕ್ಕೆ ಕಳಿಸಿರಬೇಕು. ಎಂಟು ದಿನದೊಳಗೆ ಅದು ಊರು ಸುತ್ತಿ, ಆ ಮುದುಕಿಯ ಮಗನ ಕೈಗೇ ಬಂತು. ಆತ ಆಟೋ ಓಡಿಸುವವನು. ನನ್ನ ಮನೆಯ ಬಾಗಿಲಿಗೆ ಬಂದು ನಿಂತ, ದನಿ ಏರಿಸಲಿಲ್ಲ. “ಮಾಸ್ತರ್ರ, ಅವ್ವಗ ನಾ ಕೂಳು ಹಾಕೂದಿಲ್ಲೇನು ಅಂತ ಮಂದಿ ಕೇಳ್ಲಿಕತ್ತಾರ್ರಿ. ಏನಂತ ಹೇಳಲಿ?” ಎಂದ.

ಆಕೆ ಹಸಿದವಳಾಗಿರಲಿಲ್ಲ. ಮೊಮ್ಮಗಳ ಪೆನ್ನು ಪುಸ್ತಕಕ್ಕೆ, ತನ್ನ ಎಲೆ ಅಡಿಕೆಗೆ ಮಗನ ಮುಂದೆ ಕೈಚಾಚಬಾರದೆಂದು, ವರ್ಷಕ್ಕೆ ಎರಡು ತಿಂಗಳು ಆ ಕಾಳು ಗುಡಿಸಿ ಮಾರುತ್ತಿದ್ದಳು. ಅದು ಆಕೆಯ ಭಿಕ್ಷೆಯಲ್ಲ, ಸ್ವಂತ ದುಡಿಮೆ. ನಾನು ಎರಡು ಶಬ್ದದ ಹೆಸರಿಟ್ಟು ಆಕೆಯನ್ನು ತಿರುಕಿಯಾಗಿಸಿದೆ. ಮಗ ಮಾನಕ್ಕೆ ಅಂಜಿ ಆಕೆಯನ್ನು ಅಡತಿಗೆ ಹೋಗದಂತೆ ತಡೆದ. ಚಿತ್ರದಲ್ಲಿದ್ದ ಪ್ರತಿಯೊಂದು ಕಾಳೂ ನಿಜ. ಚಿತ್ರ ಮಾತ್ರ ಸುಳ್ಳು.

ಅಂದು ರಾತ್ರಿ ಹಳೆಯ ವಾದವನ್ನೇ ಹಿಡಿದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ತಪ್ಪು ಜೇಬಿನ ಕ್ಯಾಮರಾದ್ದು. ಹಳೆಯದನ್ನು ಒಯ್ದಿದ್ದರೆ ಆಕೆ ನೋಡುತ್ತಿದ್ದಳು, ಕೇಳುತ್ತಿದ್ದಳು, ಗೆರೆಯಾಚೆಯ ಹುಡುಗಿ ನನ್ನ ಕಣ್ಣಿಗೆ ಬೀಳುತ್ತಿದ್ದಳು. ಆದರೆ ಹುಡುಗಿ ಅಂದೂ ಕಣ್ಣಿಗೆ ಬಿದ್ದಿದ್ದಳು! ಕಂಡೂ ಬಿಟ್ಟವನು ನಾನೇ. ಹಾಗಿದ್ದ ಮೇಲೆ ಕಿಂಡಿಯ ಗೆರೆ ನನ್ನನ್ನು ಹೇಗೆ ಉಳಿಸೀತು?

ಇತಿಹಾಸವೂ ನನ್ನ ಪಕ್ಷಕ್ಕೆ ನಿಲ್ಲಲಿಲ್ಲ. ಹಳೆಯದೆಂದು ನಾನು ಗೌರವಿಸುವ ಈ ಜಾತಿಯೇ ತನ್ನ ಕಾಲದ ಜೇಬಿನ ಕ್ಯಾಮರಾ. ಉಬ್ಬಸದಿಂದ ನರಳುತ್ತಿದ್ದ ಜರ್ಮನಿಯ ಆಸ್ಕರ್ ಬಾರ್ನಾಕ್ ಎಂಬ ಕುಶಲಕರ್ಮಿ ಭಾರವಾದ ಗಾಜುಫಲಕದ ಕ್ಯಾಮರಾವನ್ನು ಹೊರಲಾರದೆ ಚಿಕ್ಕದೊಂದನ್ನು ಮಾಡಿಕೊಂಡ; ಅದೇ 1925ರಲ್ಲಿ ಲೈಕಾ ಎಂಬ ಹೆಸರಿನಿಂದ ಪೇಟೆಗೆ ಬಂತು. 1932ರ ಮಾದರಿಯಲ್ಲಿ ದೂರ ಅಳೆಯುವ ಜೋಡಿ ಕಿಟಕಿ ಅದರೊಳಗೇ ಸೇರಿತು. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಹೆನ್ರಿ ಕಾರ್ಟಿಯೆ ಬ್ರೆಸನ್ ತನ್ನ ಲೈಕಾದ ಹೊಳೆಯುವ ಭಾಗಗಳಿಗೆ ಕಪ್ಪು ಪಟ್ಟಿ ಅಂಟಿಸಿಕೊಂಡು ತಿರುಗುತ್ತಿದ್ದನಂತೆ. ಜನರ ಗಮನಕ್ಕೆ ಬಾರದಿರಲೆಂದು. ಅಂದರೆ ನನ್ನ ಸಭ್ಯ ಯಂತ್ರದ ಕುಲದೈವವೇ ಕಳ್ಳಹೆಜ್ಜೆಯವನು.

ದೊಡ್ಡ ಕ್ಯಾಮರಾವಾದರೂ ಪ್ರಾಮಾಣಿಕವೆ? ಅಮೆರಿಕದ ಪಾಲ್ ಸ್ಟ್ರ್ಯಾಂಡ್ 1916ರಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಚಿತ್ರ ತೆಗೆಯುವಾಗ ಕ್ಯಾಮರಾದ ಪಕ್ಕಕ್ಕೆ ಒಂದು ಹುಸಿ ಮಸೂರ ಜೋಡಿಸಿದ್ದ. ಜನ ಅದು ಬೇರೆಲ್ಲೋ ನೋಡುತ್ತಿದೆಯೆಂದು ಭಾವಿಸಬೇಕು. ಆ ವರ್ಷದ ಆತನ ಅತ್ಯಂತ ಪ್ರಸಿದ್ಧ ಚಿತ್ರ ಒಬ್ಬ ಕುರುಡಿಯದು. ಆಕೆಗೆ ಮೋಸದ ಅಗತ್ಯವೇ ಇರಲಿಲ್ಲವೆಂಬುದನ್ನು ನೆನೆದಾಗ ನನಗೆ ಮೈ ಜುಮ್ಮೆನ್ನುತ್ತದೆ.

ಅಷ್ಟು ದೂರ ಏಕೆ ಹೋಗಬೇಕು? ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗ ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದವರು ರಾಜಾ ದೀನ್ ದಯಾಳ್. 1892ರಲ್ಲಿ ಅವರು ಹೈದರಾಬಾದಿನಲ್ಲಿ ಪರದೆಯ ಸ್ತ್ರೀಯರಿಗಾಗಿಯೇ ಒಂದು ಜನಾನಾ ಸ್ಟುಡಿಯೋ ತೆರೆದು, ಅದರ ಮೇಲ್ವಿಚಾರಣೆಗೆ ಒಬ್ಬ ಆಂಗ್ಲ ಮಹಿಳೆಯನ್ನು ನೇಮಿಸಿದರು. ಎಂತಹ ಮರ್ಯಾದೆ! ಅದೇ ಸಂಸ್ಥೆ 1899–1900ರ ಬರಗಾಲದಲ್ಲಿ ಔರಂಗಾಬಾದ್ ಜಿಲ್ಲೆಯ ಪರಿಹಾರ ಕಾರ್ಯಗಳ ಚಿತ್ರಗಳನ್ನೂ ತೆಗೆಯಿತು. ಅಲ್ಲಿ ಬಯಲಲ್ಲಿ ನಿಂತ ಎಲುಬಿನ ಗೂಡುಗಳಂತಹ ಜನಕ್ಕೆ ಯಾವ ಪರದೆ? ದೀನ್ ದಯಾಳರನ್ನು ದೂರುವುದು ನನ್ನ ಉದ್ದೇಶವಲ್ಲ. ಕೇಳಿಯೇ ನೋಡಬೇಕೆಂಬ ಮರ್ಯಾದೆ ಗೋಡೆಯುಳ್ಳವರಿಗೆ ಸಲ್ಲುತ್ತ ಬಂದಿದೆ. ಬಯಲಲ್ಲಿ ದುಡಿಯುವವರಿಗೆ ಸಂದಿಲ್ಲ. ಅಡತಿಯ ಸಾಹುಕಾರನ ಚಿತ್ರವನ್ನು ಸೊಂಟದ ಮಟ್ಟದಿಂದ ಕದ್ದು ತೆಗೆಯಲು ನನಗೆ ಅಂದು ಧೈರ್ಯವಾಗುತ್ತಿತ್ತೆ? ಇಲ್ಲವೆಂದು ಒಪ್ಪಿಕೊಂಡಾಗಲೇ ನನ್ನ ತಪ್ಪಿನ ಆಳ ನನಗೆ ತಿಳಿದದ್ದು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಕೇಳಿ ತೆಗೆದ ಚಿತ್ರ ಸೆಟೆದ ಚಿತ್ರ. ಬಾಳು ಬಾಳಾಗಿ ಸಿಕ್ಕುವುದು ಅರಿವಿಲ್ಲದಾಗ ಮಾತ್ರ, ಎನ್ನುವರು ಬಲ್ಲವರು. ನೊಂದವರ ಚಿತ್ರ ಕಂಡು ಕರಗಿದ ಮನಸ್ಸುಗಳಿಲ್ಲವೆ? ಅನ್ಯಾಯಗಾರನ ಅಪ್ಪಣೆ ಪಡೆದು ಅನ್ಯಾಯದ ಚಿತ್ರ ತೆಗೆಯಲಾದೀತೆ? ಈ ಮಾತಿನಲ್ಲಿ ಸತ್ಯವಿದೆ. ಬಲಿಷ್ಠನು ಅಡಗಿಸಿಟ್ಟದ್ದನ್ನು ಬಯಲಿಗೆಳೆಯಲು ಜೇಬಿನ ಕ್ಯಾಮರಾ ಬೇಕೇ ಬೇಕು. ಅಂತಹ ಕಡೆ ಬಳೆ ತಿರುಗಿಸುತ್ತ ನಿಲ್ಲುವುದು ಸಭ್ಯತೆಯಲ್ಲ, ಹೇಡಿತನ. ಆದರೆ ಆ ಮುದುಕಿ ಯಾರಿಂದ ಏನನ್ನು ಅಡಗಿಸಿದ್ದಳು? ನನ್ನ ಚಿತ್ರ ಯಾವ ಅನ್ಯಾಯವನ್ನು ತಡೆಯಿತು? ಕರುಣೆಯ ಹೆಸರಿನಲ್ಲಿ ನಾನು ಗಳಿಸಿದ್ದು ನಾಲ್ಕು ಜನರ ಮೆಚ್ಚುಗೆ; ತೆತ್ತವಳು ಆಕೆ.

ನಮ್ಮ ಭಾಷೆಯಲ್ಲಿ ಚಿತ್ರವನ್ನು ‘ತೆಗೆಯುತ್ತೇವೆ’, ‘ಹಿಡಿಯುತ್ತೇವೆ’, ಹುಡುಗರ ಮಾತಿನಲ್ಲಿ ‘ಹೊಡೆಯುತ್ತೇವೆ’. ಮೂರೂ ಬಲಗೈಯ ಕೆಲಸಗಳು. ಕೊಡುವ ಮಾತು ಅವುಗಳಲ್ಲಿಲ್ಲ. ಛಾಯಾಚಿತ್ರವೆನ್ನುತ್ತೇವಲ್ಲ, ಆ ಛಾಯೆ ಯಾರದು? ಮರದ ನೆರಳಲ್ಲಿ ಕುಳಿತವನು ಮರಕ್ಕೆ ಋಣಿಯಾದರೆ, ಮನುಷ್ಯನ ನೆರಳನ್ನೇ ಮನೆಗೆ ಒಯ್ದವನು ಎಷ್ಟು ಋಣಿ? ನೋಡುವುದು ಪುಕ್ಕಟೆಯಲ್ಲ, ನೋಟಕ್ಕೂ ಋಣವಿದೆ. ಹಳೆಯ ಕ್ಯಾಮರಾ ಆ ಋಣವನ್ನು ಮೊದಲೇ ನೆನಪಿಸುತ್ತದೆ, ಜೇಬಿನದು ಮರೆಸುತ್ತದೆ. ಅವೆರಡರ ಅಂತರ ಇಷ್ಟೇ ಎಂದು ಈಗ ನನಗೆ ತೋರುತ್ತದೆ. ತೀರಿಸುವವನು ಯಂತ್ರವಲ್ಲ.

ನಾನು ಆಕೆಯ ಮನೆಗೆ ಹೋದೆ. ತಪ್ಪಾಯಿತು, ಯವ್ವಾ ಎಂದೆ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ನನಗೊಂದು ಮಾತ ಕೇಳಬೇಕಿತ್ತಿಲ್ರಿ ಮಾಸ್ತರ? ನಾ ಏನು ಬ್ಯಾಡ ಅಂತಿದ್ದಿಲ್ಲ. ಹುಡುಗೀನೂ ಕೂಡೇ ತಗೀರಿ ಅಂತಿದ್ದೆ” ಎಂದಳು. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಆಮೇಲೆ ಇಳಕಲ್ಲು ಸೀರೆ ಉಟ್ಟು ಬಂದು, ಮಗನನ್ನು ಒಂದು ಕಡೆ, ಮೊಮ್ಮಗಳನ್ನು ಇನ್ನೊಂದು ಕಡೆ ನಿಲ್ಲಿಸಿಕೊಂಡು, ಕಂಬದಂತೆ ಸೆಟೆದು ನಿಂತಳು. ಹಳೆಯ ಕ್ಯಾಮರಾದ ಜೋಡಿ ಬಿಂಬ ಒಂದಾಗುವವರೆಗೆ ನಾಲ್ವರೂ ಉಸಿರು ಹಿಡಿದೆವು. ಕಲಬುರಗಿಯಲ್ಲಿ ಅಚ್ಚು ಹಾಕಿಸಿ ತಂದುಕೊಟ್ಟೆ. ದೇವರ ಜಗಲಿಯ ಪಕ್ಕದಲ್ಲಿ ತೂಗುಹಾಕಿದ್ದಾರೆ. ಕಲೆಯ ದೃಷ್ಟಿಯಿಂದ ಆ ಚಿತ್ರಕ್ಕೆ ಬೆಲೆಯಿಲ್ಲ. ಆದರೆ ಆಕೆ ಗುರುತಿಸಿ ತನ್ನದೆನ್ನುವ ಚಿತ್ರ ಅದೊಂದೇ.

ಇದರಿಂದ ಎಲ್ಲವೂ ಸರಿಹೋಯಿತೆಂದು ಓದುಗರು ತಿಳಿಯಬಾರದು. ಮರುವರ್ಷದ ರಾಶಿಯಲ್ಲಿಯೂ ಆಕೆ ಅಡತಿಯಲ್ಲಿ ಕಾಣಲಿಲ್ಲ. ಮೊದಲಿನ ಚಿತ್ರ ಎಷ್ಟು ಜನರ ಫೋನಿನಲ್ಲಿ ಇನ್ನೂ ಉಳಿದಿದೆಯೋ ಹೇಳಲಾರೆ. ಬಾಯಿಂದ ಹೋದ ಮಾತಿನಂತೆಯೇ ಅದೂ.

ಇದನ್ನೆಲ್ಲ ಅಳಿಯನಿಗೆ ಹೇಳಿದೆ. ಅವನು ಗಂಭೀರನಾಗಿ ಕೇಳಿ, ಸ್ವಲ್ಪ ಹೊತ್ತು ಎರಡನ್ನೂ ಕೈಯಲ್ಲಿ ತೂಗಿ ನೋಡಿ, ಕೊನೆಗೆ ಜೇಬಿನದನ್ನೇ ಆರಿಸಿಕೊಂಡ. “ಹಗುರ ಐತಿ ಮಾಮಾ” ಎಂದ. ನಾನು ಬೇಡವೆನ್ನಲಿಲ್ಲ. ಅದರ ಚೀಲದೊಳಗೆ ಒಂದು ಸಣ್ಣ ನೋಟುಬುಕ್ಕು, ಒಂದು ಪೆನ್ಸಿಲ್ಲು ಸೇರಿಸಿ ಕೊಟ್ಟೆ. ಯಾರ ಚಿತ್ರ ತೆಗೆದರೂ ಅವರ ಹೆಸರು, ಊರು ಬರೆದುಕೊಳ್ಳಬೇಕು. ಒಂದು ಪ್ರತಿ ಅವರ ಕೈಗೆ ಮುಟ್ಟಿಸಬೇಕು. ನೋಟುಬುಕ್ಕು ತುಂಬಿದ ದಿನ ಇನ್ನೊಂದನ್ನು ನಾನೇ ಕೊಡಿಸುತ್ತೇನೆಂದು ಹೇಳಿದ್ದೇನೆ.